ಎಳೆದರೆ ಬರುವ ಡ್ರಾಯರ್

ಮಳೆಗಾಲ ಬಂತೆಂದರೆ ನಮ್ಮನೆ ಮೇಜಿನ ಡ್ರಾಯರ್ ಮುನಿಸಿಕೊಳ್ಳುತ್ತದೆ. ಮೊನ್ನೆ ಮೇಜಿಗೆ ಕಾಲು ಕೊಟ್ಟು ಎರಡೂ ಕೈಯಲ್ಲಿ ಎಳೆದೆ, ಹಿಡಿಕೆ ಮಾತ್ರ ಕೈಗೆ ಬಂತು. ಅದನ್ನು ಹಿಡಿದುಕೊಂಡು ಸುಮ್ನೆ ಕೂತಿದ್ದಾಗಲೇ ಫೋನಿನಲ್ಲಿ ಡೇವಿಡ್ ರೋಂಟ್‌ಗೆನ್ ಮಾಡಿದ ಮೇಜೊಂದರ ವಿಡಿಯೋ ಕಣ್ಣಿಗೆ ಬಿತ್ತು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ರೋಂಟ್‌ಗೆನ್ ಜರ್ಮನಿಯ ನಾಯ್‌ವೀಡ್ ಊರಿನವ. ಅಪ್ಪ ಅಬ್ರಹಾಂ ಶುರು ಮಾಡಿದ ಬಡಗಿ ಕೆಲಸವನ್ನು ಅರಮನೆಗಳ ತನಕ ಒಯ್ದವ. ಮೊದಲೆಲ್ಲ ಬಣ್ಣಬಣ್ಣದ ಮರದ ಚೂರು ಕೂಡಿಸಿ ಮೇಜಿನ ತುಂಬ ಹೂವು, ಮನುಷ್ಯರನ್ನು ಬಿಡಿಸುತ್ತಿದ್ದ. 1780ರ ದಶಕದಲ್ಲಿ ಅದನ್ನು ಬಿಟ್ಟು ಬರೀ ಮಹಾಗನಿ, ನೇರ ಗೆರೆ, ಅಲ್ಲಲ್ಲಿ ಚಿನ್ನದ ಲೇಪದ ಕಂಚು, ಇಷ್ಟಕ್ಕೇ ಬಂದು ನಿಂತ. ನನಗೆ ಹಿಡಿಸುವುದು ಇದೇ. ಹೂಬಳ್ಳಿಯಿದ್ದರೆ ಕೆಲಸದ ಓರೆಕೋರೆ ಅದರಡಿ ಅಡಗೀತು, ಬೋಳು ಹಲಗೆಯಲ್ಲಿ ಎಲ್ಲಿ ಬಚ್ಚಿಡೋದು?

ಬೋಳು ಅಂದೆನಲ್ಲ, ಹತ್ತಿರದಿಂದ ನೋಡಿದರೆ ಅದೂ ಅಲ್ಲ. ಆಗ ಮಹಾಗನಿ ಬರುತ್ತಿದ್ದದ್ದು ಕೆರಿಬಿಯನ್ ಕಡೆಯಿಂದ, ಗುಲಾಮರ ಕೈಯಲ್ಲಿ ಕಡಿಸಿ ಹಡಗು ಹತ್ತಿಸಿದ ಮರ. ಆ ಹೊಳಪು ನೋಡುವಾಗ ಇದೂ ನೆನಪಿರಲಿ. ಮರ ತುಟ್ಟಿ, ಹಾಗಾಗಿ ಒಳಗೆ ಓಕ್‌ನಂಥ ಮರ, ಮೇಲೆ ಮಹಾಗನಿಯ ತೆಳು ಹಾಳೆ. ಕೊಂಬೆ ಕವಲೊಡೆಯುವಲ್ಲಿ ಕೊಯ್ದರೆ ಮರದ ಗೆರೆಗಳು ಬೆಂಕಿಯ ನಾಲಿಗೆಯ ಹಾಗೆ ಏಳುತ್ತವೆ. ಒಂದರ ಹಿಂದೊಂದು ಕೊಯ್ದ ಎರಡು ಹಾಳೆಯನ್ನು ಪುಸ್ತಕ ಬಿಚ್ಚಿದ ಹಾಗೆ ಬಿಚ್ಚಿ ಅಂಟಿಸಿದರೆ ಎಡದ್ದೇ ಬಲಕ್ಕೂ, ಕನ್ನಡಿ ಹಿಡಿದಂತೆ.

ರೋಂಟ್‌ಗೆನ್ ಜೊತೆ ಪೀಟರ್ ಕಿನ್ಸಿಂಗ್ ಎಂಬ ಗಡಿಯಾರದವನೂ ಇದ್ದ. ಮೇಜಿಗೇಕೆ ಗಡಿಯಾರದವ? ಕೀಲಿ ತಿರುಗಿಸಿದರೆ ಖಾನೆ ಜಿಗಿಯುತ್ತದೆ, ಅದರ ಮಗ್ಗುಲಿಂದ ಇನ್ನೊಂದು ಕಳ್ಳಖಾನೆ, ಎಲ್ಲ ಸ್ಪ್ರಿಂಗುಗಳ ಆಟ. ಇಂಥ ಬರೆಯುವ ಮೇಜಿಗೆ ಸೆಕ್ರೆಟರಿ ಅಂತಾರೆ, ಆ ಹೆಸರಲ್ಲೇ ಸೀಕ್ರೆಟ್ ಅನ್ನೋ ಗುಟ್ಟು ಕೂತಿದೆ, ಅಲ್ವಾ. ರಷ್ಯಾದ ರಾಣಿ ಕ್ಯಾಥರೀನ್ ಕೊಂಡ, ನೆತ್ತಿಯ ಮೇಲೆ ಗ್ರೀಕ್ ದೇವರು ಅಪೋಲೋನ ಮೂರ್ತಿ ಕೂತ ಮೇಜು ಈಗಲೂ ಹರ್ಮಿಟೇಜ್ ಮ್ಯೂಸಿಯಮ್ಮಿನಲ್ಲಿದೆ.

ನಾನು ಮಾತ್ರ ಈ ಚಮತ್ಕಾರ ಬಿಟ್ಟು ಡ್ರಾಯರ್ ಮೂಲೆಯನ್ನೇ ಹುಡುಕಿದೆ. ಆ ಕಾಲದ ಒಳ್ಳೆ ಬಡಗಿಗಳು ಅಲ್ಲಿ ಮೊಳೆ ಹೊಡೆಯುತ್ತಿರಲಿಲ್ಲ. ಹಕ್ಕಿಯ ಬಾಲದ ಹಾಗೆ ತುದಿ ಅಗಲ, ಬುಡ ಸಪೂರವಾದ ಹಲ್ಲು ಕೊಯ್ದು ಒಂದರೊಳಗೊಂದು ಕೂರಿಸುತ್ತಿದ್ದರು. ಎಳೆದಷ್ಟೂ ಹಲ್ಲು ಕಚ್ಚಿಕೊಳ್ಳುತ್ತದೆ, ಮುಂದಿನ ಹಲಗೆ ಕಿತ್ತು ಬರೋದಿಲ್ಲ. ನಮ್ಮದು ಪ್ಲೈವುಡ್, ನಾಲ್ಕು ಮೊಳೆ.

ಡ್ರಾಯರ್ ಅಂಚಿಗೆ ಮೇಣದಬತ್ತಿ ಉಜ್ಜು, ಸಲೀಸಾಗಿ ಬರುತ್ತೆ ಅಂದಳು ಅಮ್ಮ. ಮೇಣದಬತ್ತಿ ಆ ಡ್ರಾಯರ್‌ನಲ್ಲೇ ಇದೆ.