ಬ್ಯಾರಿ ನಿಂತ ಬೀದಿಯಿಂದ ಲ್ಯಾವೆಲ್ಲೆ ರಸ್ತೆಗೆ

ಮೆಲ್ಬರ್ನಿನ ಸ್ವಾನ್‌ಸ್ಟನ್ ಬೀದಿಯಲ್ಲಿ, ರಾಜ್ಯ ಗ್ರಂಥಾಲಯದ ಮುಂದೆ, ಸರ್ ರೆಡ್ಮಂಡ್ ಬ್ಯಾರಿಯ ಕಂಚಿನ ಪ್ರತಿಮೆಯಿದೆ. ಅದೇ ಗ್ರಂಥಾಲಯದ ಒಳಗೆ, ಗಾಜಿನ ಹಿಂದೆ, ನೆಡ್ ಕೆಲ್ಲಿಯ ಕಬ್ಬಿಣದ ಕವಚವಿದೆ. ಬ್ಯಾರಿ ನ್ಯಾಯಾಧೀಶ, ಈ ಗ್ರಂಥಾಲಯವನ್ನೂ ಮೆಲ್ಬರ್ನ್ ವಿಶ್ವವಿದ್ಯಾಲಯವನ್ನೂ ಕಟ್ಟಲು ಮುಂದೆ ನಿಂತವನು. ಕೆಲ್ಲಿ ಬ್ಯಾಂಕು ದೋಚಿದವನು, ಪೊಲೀಸರನ್ನು ಕೊಂದವನು. 1880ರಲ್ಲಿ ಅವನಿಗೆ ಗಲ್ಲುಶಿಕ್ಷೆ ವಿಧಿಸಿದ್ದು ಇದೇ ಬ್ಯಾರಿ. ನವೆಂಬರ್ 11ರಂದು ಕೆಲ್ಲಿಯನ್ನು ನೇಣಿಗೇರಿಸಿದರು, 23ರಂದು ಬ್ಯಾರಿಯೂ ತೀರಿಕೊಂಡ. ಇಬ್ಬರ ಬೇರೂ ಐರ್ಲೆಂಡಿನದೇ. ಬ್ಯಾರಿ ಕಾರ್ಕ್ ಸೀಮೆಯ ಪ್ರಾಟೆಸ್ಟೆಂಟ್ ಮನೆತನದವನು, ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಓದಿದವನು. ಕೆಲ್ಲಿಯ ತಂದೆ ಟಿಪ್ಪರೆರಿಯ ಕ್ಯಾಥೊಲಿಕ್; ಎರಡು ಹಂದಿ ಕದ್ದನೆಂದು ಅವನನ್ನು ಹಡಗು ಹತ್ತಿಸಿ ಟಾಸ್ಮೇನಿಯಾಕ್ಕೆ ಗಡೀಪಾರು ಮಾಡಿದ್ದರು.

ನಮ್ಮೂರಲ್ಲಿ ನಾವು ಇವರೆಲ್ಲರನ್ನೂ ಒಂದೇ ರಾಶಿಗೆ ಹಾಕಿ ಬ್ರಿಟಿಷರು ಅಂದುಬಿಡುತ್ತೇವೆ. ಇಲ್ಲಿ ಹಾಗಲ್ಲ. ಫ್ಲಿಂಡರ್ಸ್ ಬೀದಿಯ ಸೇಂಟ್ ಪಾಲ್ಸ್ ಚರ್ಚು ಆಂಗ್ಲಿಕನ್ನರದು, ಅಂದರೆ ಇಂಗ್ಲೆಂಡಿನ ಅಧಿಕೃತ ಚರ್ಚಿನವರದು. ಪೂರ್ವದ ಗುಡ್ಡದ ಮೇಲಿನ ಸೇಂಟ್ ಪ್ಯಾಟ್ರಿಕ್ಸ್ ಐರಿಶ್ ಕ್ಯಾಥೊಲಿಕರ ಹೆಮ್ಮೆ. ಅದರ ಅಂಗಳದಲ್ಲಿ ಆರ್ಚ್‌ಬಿಷಪ್ ಡೇನಿಯಲ್ ಮ್ಯಾನಿಕ್ಸ್ ಪ್ರತಿಮೆಯಿದೆ. ಮೊದಲ ಮಹಾಯುದ್ಧಕ್ಕೆ ಗಂಡಸರನ್ನು ಕಡ್ಡಾಯವಾಗಿ ಸೇನೆಗೆ ಸೇರಿಸಬೇಕೆಂದು ಸರ್ಕಾರ 1916 ಮತ್ತು 1917ರಲ್ಲಿ ಎರಡು ಸಲ ಜನಮತ ಕೇಳಿದಾಗ, ಕೂಡದು ಎಂದು ಬಹಿರಂಗವಾಗಿ ಸಾರಿದವರು ಅವರು. ಎರಡು ಸಲವೂ ಜನ ಬೇಡವೆಂದೇ ಮತ ಹಾಕಿದರು. ಆಂಗ್ಲಿಕನ್ನರ ಮತ್ತು ಐರಿಶ್ ಕ್ಯಾಥೊಲಿಕರ ನಡುವಿನ ಕಹಿ ಎಷ್ಟಿತ್ತೆಂದರೆ ಕೊಟ್ಟು ತರುವ ಸಂಬಂಧವೂ ಕಷ್ಟವಾಗಿತ್ತು. ಆಲೂಗಡ್ಡೆ ಬೆಳೆ ನಾಶವಾಗಿ ಐರ್ಲೆಂಡಿನಲ್ಲಿ ಲಕ್ಷಗಟ್ಟಲೆ ಜನ ಸತ್ತ ಕ್ಷಾಮದ ಬೆನ್ನಿಗೇ, 1848 ಮತ್ತು 1850ರ ನಡುವೆ, ಬಡವರನ್ನು ಇರಿಸಿಕೊಂಡು ದುಡಿಸುತ್ತಿದ್ದ ಅಲ್ಲಿನ ವರ್ಕ್‌ಹೌಸುಗಳಿಂದ ನಾಲ್ಕು ಸಾವಿರಕ್ಕೂ ಹೆಚ್ಚು ಅನಾಥ ಹೆಣ್ಣುಮಕ್ಕಳನ್ನು ಆಸ್ಟ್ರೇಲಿಯಾಕ್ಕೆ ಮನೆಗೆಲಸಕ್ಕೆಂದು ಕಳಿಸಿದರು. ಅವರ ನೆನಪಿಗೆ ವಿಲಿಯಮ್ಸ್‌ಟೌನಿನಲ್ಲಿ ಒಂದು ಕಲ್ಲು ನಿಲ್ಲಿಸಿದ್ದಾರೆ.

ಇಲ್ಲಿನವರು ತಮ್ಮ ಹಿರಿಯರನ್ನು ಹುಡುಕುವ ರೀತಿ ನನಗೆ ಬಹಳ ಇಷ್ಟ. ಹಡಗಿನ ಪ್ರಯಾಣಿಕರ ಪಟ್ಟಿ, ಜೈಲಿನ ದಾಖಲೆ, ಚರ್ಚಿನ ಮದುವೆ ಪುಸ್ತಕ ಎಲ್ಲವನ್ನೂ ಸರ್ಕಾರಿ ದಾಖಲೆ ಕಚೇರಿಗಳು ಜನರಿಗೆ ತೆರೆದಿಟ್ಟಿವೆ. ಒಂದು ಕಾಲಕ್ಕೆ ಮುಚ್ಚಿಟ್ಟಿದ್ದ ಕೈದಿ ಮುತ್ತಜ್ಜನನ್ನು ಈಗ ಮೊಮ್ಮಕ್ಕಳು ತಲೆಯೆತ್ತಿ ಹೇಳಿಕೊಳ್ಳುತ್ತಾರೆ. ಕಳ್ಳನನ್ನೂ ಜಡ್ಜನನ್ನೂ ಒಂದೇ ಸೂರಿನಡಿ ಇಟ್ಟುಕೊಳ್ಳುವ ಧೈರ್ಯ ಸಣ್ಣದಲ್ಲ.

ಆದರೆ ಈ ಐರಿಶ್ ನೋವಿನ ಕಥೆ ಹೇಳುತ್ತ ಹೇಳುತ್ತ ಇನ್ನೊಂದನ್ನು ಮರೆಯುವುದು ನನಗೆ ಒಪ್ಪಿಗೆಯಿಲ್ಲ. 1835ರಲ್ಲಿ ನೆಲ ಹುಡುಕಿಕೊಂಡು ಬಂದ ಜಾನ್ ಬ್ಯಾಟ್‌ಮನ್ ಇಲ್ಲಿನ ಮೂಲನಿವಾಸಿಗಳಾದ ವುರುಂಜೆರಿ ಜನರ ಹಿರಿಯರಿಗೆ ಕಂಬಳಿ, ಕೊಡಲಿ, ಚಾಕು, ಕನ್ನಡಿ, ಹಿಟ್ಟು ಕೊಟ್ಟು, ಸುಮಾರು ಆರು ಲಕ್ಷ ಎಕರೆ ನೆಲ ಪಡೆದೆನೆಂದು ಪತ್ರ ಬರೆಸಿಕೊಂಡ. ಮೋಸದ ಪತ್ರವೇ. ಆದರೂ ಈ ನೆಲಕ್ಕೆ ಒಡೆಯರಿದ್ದಾರೆ ಎಂದಾದರೂ ಅದು ಒಪ್ಪಿತ್ತು. ಗವರ್ನರ್ ರಿಚರ್ಡ್ ಬರ್ಕ್ ಅದೇ ವರ್ಷ ಪತ್ರವನ್ನು ರದ್ದು ಮಾಡಿದ: ನೆಲವೆಲ್ಲ ಬ್ರಿಟಿಷ್ ರಾಜನದು, ಮಾರಲು ಇವರು ಯಾರು ಎಂಬ ಧಾಟಿಯಲ್ಲಿ. ಬರ್ಕ್ ಡಬ್ಲಿನ್ನಿನಲ್ಲಿ ಹುಟ್ಟಿದವನು. ಮರುವರ್ಷ ಕ್ಯಾಥೊಲಿಕ್ ಚರ್ಚಿಗೂ ಆಂಗ್ಲಿಕನ್ ಚರ್ಚಿಗೂ ಸರ್ಕಾರದ ಹಣ ಸಮನಾಗಿ ಸಿಗುವಂತೆ ಕಾನೂನು ತಂದ ಉದಾರಿಯೂ ಅವನೇ. ತನ್ನ ನಾಡಿನ ಬಡವರಿಗೆ ನ್ಯಾಯ ಮಾಡಿದ ಕೈಯೇ ಇಲ್ಲಿನ ಮೂಲನಿವಾಸಿಗಳ ಹಕ್ಕನ್ನು ಹೊಡೆದುಹಾಕಿತು. ಇಂದು ಊರಿನ ನಡುಮಧ್ಯದ ಬರ್ಕ್ ಬೀದಿ ಅವನ ಹೆಸರಿನದು. ನಾವೆಲ್ಲ ಅಲ್ಲಿ ಬಟ್ಟೆಬರೆ ಕೊಳ್ಳುತ್ತೇವೆ.

ಬ್ಯಾರಿಯ ಕಥೆಯಲ್ಲೂ ಇನ್ನೊಂದು ಮಗ್ಗುಲಿದೆ, ಪ್ರತಿಮೆ ಅದನ್ನು ಹೇಳುವುದಿಲ್ಲ. 1842ರ ಜನವರಿ 20ರಂದು ಮೆಲ್ಬರ್ನಿನಲ್ಲಿ ಮೊದಲ ಬಾರಿಗೆ ಬಹಿರಂಗವಾಗಿ ಗಲ್ಲಿಗೇರಿಸಿದ್ದು ಟುನ್ನರ್‌ಮಿನ್ನರ್‌ವೇಟ್ ಮತ್ತು ಮಾಲ್‌ಬಾಯ್‌ಹೀನರ್ ಎಂಬ ಇಬ್ಬರು ಟಾಸ್ಮೇನಿಯಾದ ಮೂಲನಿವಾಸಿಗಳನ್ನು. ಆಗಿನ್ನೂ ವಕೀಲನಾಗಿದ್ದ ಬ್ಯಾರಿ ಅವರ ಪರ ವಾದಿಸಿದ. ಇವರ ಮೇಲೆ ಬ್ರಿಟಿಷ್ ಕಾನೂನಿಗೆ ಅಧಿಕಾರ ಎಲ್ಲಿಂದ ಬಂತು ಎಂದೇ ಕೇಳಿದ. ಸೋತ. ಮುಂದೆ ಅದೇ ಕಾನೂನಿನ ಅತಿ ಕಠಿಣ ಜಡ್ಜ್ ಆದ. ಆ ಇಬ್ಬರ ಸ್ಮಾರಕ 2016ರಲ್ಲಿ, ವಿಕ್ಟೋರಿಯಾ ಮತ್ತು ಫ್ರಾಂಕ್ಲಿನ್ ಬೀದಿಗಳು ಕೂಡುವಲ್ಲಿ, ಹಳೇ ಜೈಲಿನ ಹತ್ತಿರ ಬಂತು. ಕವಚ ನೋಡಲು ಸಾಲುಗಟ್ಟುವವರಲ್ಲಿ ಅಲ್ಲಿವರೆಗೆ ನಡೆಯುವವರು ಕಡಿಮೆ.

ನಮಗೂ ಈ ಪರಂಪರೆಯ ಲೆಕ್ಕವಿದೆ. 1901ರ ಮೇ 9ರಂದು ಆಸ್ಟ್ರೇಲಿಯಾದ ಮೊದಲ ಸಂಸತ್ತು ಸೇರಿದ್ದು ಮೆಲ್ಬರ್ನಿನ ಎಕ್ಸಿಬಿಷನ್ ಕಟ್ಟಡದಲ್ಲಿ. ಬಿಳಿಯರಲ್ಲದವರನ್ನು ಹೊರಗಿಡುವ ವಲಸೆ ಕಾನೂನು ಬಂದದ್ದು ಅದೇ ವರ್ಷ, ಇದೇ ಊರಲ್ಲಿ. ಬಂದವರಿಗೆ ಅಧಿಕಾರಿ ಯಾವುದಾದರೂ ಯುರೋಪಿನ ಭಾಷೆಯಲ್ಲಿ ಉಕ್ತಲೇಖನ ಕೊಡಬಹುದಿತ್ತು, ಬರೆಯಲಾಗದಿದ್ದರೆ ವಾಪಸ್. ಆ ಪರೀಕ್ಷೆಯಲ್ಲಿ ಒಗ್ಗಟ್ಟಾಗಲು ಇಂಗ್ಲಿಷರಿಗೂ ಐರಿಶರಿಗೂ ಅಡ್ಡಿಯಾಗಲಿಲ್ಲ. ಆ ನೀತಿಯ ಕೊನೆಯ ಎಳೆಗಳು ಕಳಚಿದ್ದು 1973ರಲ್ಲಿ. ಈ ಊರಲ್ಲಿ ನಾವು ಕನ್ನಡ ರಾಜ್ಯೋತ್ಸವ ಮಾಡುವುದು ಆ ಬಾಗಿಲು ತೆರೆದ ಮೇಲಿನ ಮಾತು.

ಬೆಂಗಳೂರಿನ ಜತೆ ಹೋಲಿಸಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಅಲ್ಲಿಗೆ ಆಳಲು ಬಂದವರು ವಾಪಸು ಹೋದರು, ಇಲ್ಲಿಗೆ ಬಂದವರು ಉಳಿದರು. ಹಾಗಾಗಿ ಇಲ್ಲಿ ಹೆಸರು ಬದಲಿಸುವುದೆಂದರೆ ಅಜ್ಜನ ಹೆಸರು ಬದಲಿಸಿದಷ್ಟು ನೋವು. ಆದರೂ ಬದಲಿಸಿದ್ದಾರೆ: ಜಮೈಕಾದ ಗುಲಾಮರ ತೋಟದಿಂದ ಬಂದಿದ್ದ ಮೋರ್‌ಲ್ಯಾಂಡ್ ಎಂಬ ನಗರಸಭೆಯ ಹೆಸರು, ಊರಲ್ಲಿ ಚರ್ಚೆ ಜಗಳ ಎಲ್ಲ ಆದ ಮೇಲೆ, 2022ರಲ್ಲಿ ಮೆರಿಬೆಕ್ ಆಯಿತು. ನಾವು ಫ್ರೇಜರ್ ಟೌನನ್ನು ಪುಲಕೇಶಿನಗರ ಮಾಡಿದೆವು, ಕಬ್ಬನ್ ಪಾರ್ಕನ್ನು ಚಾಮರಾಜೇಂದ್ರ ಉದ್ಯಾನ ಎಂದೆವು. ಜನ ಹಳೆಯದನ್ನೇ ಹೇಳುತ್ತಾರೆ. ಫ್ರೇಜರ್ ಯಾರು, ಕಬ್ಬನ್ ಏನು ಮಾಡಿದ ಎಂಬ ಮಾತು ಮಾತ್ರ ಎಲ್ಲೂ ಇಲ್ಲ. ಹೆಸರು ಉಳಿಸಿದರೂ ಕಥೆ ಹೋಯಿತು, ತೆಗೆದರೂ ಹೋಯಿತು.

ಲ್ಯಾವೆಲ್ಲೆ ರಸ್ತೆಯನ್ನೇ ನೋಡಿ. ಮೈಕೇಲ್ ಫಿಟ್ಜೆರಾಲ್ಡ್ ಲ್ಯಾವೆಲ್ಲೆ ಐರಿಶ್ ಸಿಪಾಯಿ. ನ್ಯೂಜಿಲೆಂಡಿನಲ್ಲಿ ಮಾವೊರಿಗಳ ವಿರುದ್ಧ ಯುದ್ಧ ಮಾಡಿ, ಅಲ್ಲಿ ಚಿನ್ನದ ಹುಚ್ಚು ಹತ್ತಿಸಿಕೊಂಡು, ಬೆಂಗಳೂರು ದಂಡಿಗೆ ಬಂದು ನೆಲೆಸಿದ. ಕೋಲಾರದ ಹೊನ್ನಿನ ಬಗ್ಗೆ ಲೆಫ್ಟಿನೆಂಟ್ ವಾರನ್ ಬರೆದಿದ್ದ ಹಳೇ ವರದಿ ಓದಿ, 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಗಣಿಗಾರಿಕೆಯ ಪರವಾನಗಿ ಪಡೆದ. ಹಣ ಸಾಲದೆ ಅದನ್ನು ಬೇರೆಯವರಿಗೆ ಬಿಟ್ಟುಕೊಟ್ಟ. ಆಮೇಲೆ ಕೆಜಿಎಫ್ ಎದ್ದು ನಿಂತಿತು. ಮಾವೊರಿ ನೆಲ, ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದ ಚಿನ್ನದ ಗಣಿ, ಕೋಲಾರ ಎಲ್ಲವೂ ಒಂದೇ ಸಾಮ್ರಾಜ್ಯದ ಒಂದೇ ಆಸೆಯ ಹಾದಿಯಲ್ಲಿದ್ದ ಊರುಗಳು.

ಇಲ್ಲಿ ವಾರಾಂತ್ಯಕ್ಕೆ ಕನ್ನಡ ಕಲಿಸುವ ಶಾಲೆಗಳಿವೆ. ಅಲ್ಲಿನ ಮಕ್ಕಳಿಗೆ ಈ ನಂಟನ್ನು ಹೇಳಬೇಕು, ಫ್ರಾಂಕ್ಲಿನ್ ಬೀದಿಯ ಸ್ಮಾರಕಕ್ಕೂ ಕರೆದೊಯ್ಯಬೇಕು. ಇಲ್ಲಿನ ವಾಡಿಕೆಯಂತೆ ಸಭೆಯ ಆರಂಭದಲ್ಲಿ ವುರುಂಜೆರಿ ಹಿರಿಯರಿಗೆ ನಮನ ಎಂದು ಓದಿ ಮುಗಿಸುವುದು ಸಾಲದು. ಅವರ ನೆಲಕ್ಕೆ ಬಂದು ನೆಲೆಸಿದವರಲ್ಲಿ ನಾವೂ ಸೇರಿದ್ದೇವೆ. ಬೆಂಗಳೂರಿನವರಲ್ಲಿ ನನ್ನ ಕೇಳಿಕೆ ಇಷ್ಟೆ: ಲ್ಯಾವೆಲ್ಲೆ ರಸ್ತೆಯ ಹೆಸರನ್ನು ಕೀಳಬೇಡಿ. ಒಂದು ಫಲಕ ಹಾಕಿ, ಅವನ ಬಗ್ಗೆ ನಾಲ್ಕು ಸಾಲು ಬರೆಸಿ. ಅದರ ಕೆಳಗೆ, ಅಷ್ಟೇ ದಪ್ಪ ಅಕ್ಷರದಲ್ಲಿ, ಭೂಮಿಯ ಮೂರು ಕಿಲೋಮೀಟರ್ ಆಳಕ್ಕಿಳಿದು ಆ ಚಿನ್ನ ತೆಗೆದ ತಮಿಳು ತೆಲುಗು ಕೂಲಿಕಾರರ ಬಗ್ಗೆಯೂ, 2001ರಲ್ಲಿ ಗಣಿ ಮುಚ್ಚಿದ ಮೇಲೂ ಸೈನೈಡ್ ದಿಬ್ಬಗಳ ಪಕ್ಕದಲ್ಲೇ ಬದುಕುತ್ತಿರುವ ಅವರ ಮಕ್ಕಳ ಬಗ್ಗೆಯೂ ಬರೆಸಿ.