ಬದುವಿನ ಮೇಲೆ ಗಾಡಿ ಬಿಡ್ತೀರಾ, ಸ್ವಾಮಿ?

ಹಳ್ಳಿಯ ದಾರಿ ಜಗಳ ನೋಡಿದವರಿಗೆ ಗೊತ್ತು. ಹಿಂದಿನ ಹೊಲದವನ ಗೊಬ್ಬರದ ಗಾಡಿ ಹೋಗಬೇಕು; ಮುಂದಿನ ಹೊಲದವನು ಬದುವಿಗೆ ಮುಳ್ಳು ಕಡಿದು ಹಾಕಿದ್ದಾನೆ. ಹಿಂದಿನವನು ಸಂಜೆ ಬಂದು ಜಗಲಿಯ ತುದಿಯಲ್ಲಿ ಕೂತು, ಮಳೆ ಬೆಳೆ ವಿಚಾರಿಸಿ, ಎಲೆ ಅಡಿಕೆ ಮುಗಿದ ಮೇಲೆ ಮೆಲ್ಲಗೆ ಬಾಯಿಬಿಡುತ್ತಾನೆ: "ಸುಗ್ಗಿ ಮುಗಿಯೋವರೆಗೆ ಬದುವಿನ ಮೇಲೆ ಗಾಡಿ ಬಿಡಣ್ಣ." 2025ರ ಸೆಪ್ಟೆಂಬರಿನಲ್ಲಿ ಹಾಗೆ ಜಗಲಿ ತುದಿಯಲ್ಲಿ ಕೂತದ್ದು ಸಾಕ್ಷಾತ್ ಕರ್ನಾಟಕ ಸರ್ಕಾರ. ಜಗಲಿ ಬೆಂಗಳೂರಿನ ಸರ್ಜಾಪುರ ರಸ್ತೆಯ ವಿಪ್ರೋ ಕಂಪನಿಯದು.

ಕ್ಯಾಂಪಸ್ಸಿನೊಳಗಿಂದ ಒಂದಿಷ್ಟು ಗಾಡಿ ಬಿಟ್ಟರೆ ಹೊರ ವರ್ತುಲ ರಸ್ತೆಯ ದಟ್ಟಣೆ ಶೇ 30ರಷ್ಟು ಇಳಿದೀತು ಎಂದು ಮುಖ್ಯಮಂತ್ರಿಗಳು ಪತ್ರ ಬರೆದರು. ಉತ್ತರ ಬಹಳ ಮರ್ಯಾದೆಯಿಂದ ಬಂತು: ಇದು ಖಾಸಗಿ ಆಸ್ತಿ, ಮೇಲಾಗಿ ವಿಶೇಷ ಆರ್ಥಿಕ ವಲಯ, ದಾರಿ ಬಿಡಲಾಗದು, ಬೇಕಿದ್ದರೆ ದಟ್ಟಣೆಯ ಬಗ್ಗೆ ವೈಜ್ಞಾನಿಕ ಅಧ್ಯಯನ ಮಾಡಿಸಿ, ಖರ್ಚಿನಲ್ಲಿ ದೊಡ್ಡ ಪಾಲು ನಮ್ಮದು. ದಾರಿ ಕೊಡೋಲ್ಲ, ದಾರಿ ಯಾಕಿಲ್ಲ ಅಂತ ತಿಳಿಯೋಕೆ ದುಡ್ಡು ಕೊಡ್ತೀವಿ! ಇಷ್ಟು ನಯವಾಗಿ ಮುಳ್ಳು ಹಾಕುವ ವಿದ್ಯೆ ನಮ್ಮ ರೈತರಿಗೆ ಬರಲಿಲ್ಲವಲ್ಲ.

ಅಧ್ಯಯನಕ್ಕೆ ಅಷ್ಟು ದೂರ ಹೋಗುವುದು ಬೇಡ, ಎರಡನೇ ಪೀಯುಸಿಯ ಲೆಕ್ಕವೂ ಬೇಡ. ಒಂದು ಎಕರೆ ಎಂದರೆ 40 ಗುಂಟೆ, 43,560 ಚದರಡಿ. 30x40ರ ಸೈಟು 1,200 ಚದರಡಿ. ರಸ್ತೆಯೇ ಬೇಡ, ಗೋಡೆ ಹಾರಿಕೊಂಡು ಮನೆ ಸೇರುತ್ತೇವೆ ಎನ್ನುವುದಾದರೆ 36 ಸೈಟು. ಎರಡು ಸಾಲು ಸೈಟಿನ ನಡುವೆ 20 ಅಡಿ ರಸ್ತೆ ಬಿಟ್ಟರೆ 29. ರಸ್ತೆ 30 ಅಡಿಯಾದರೆ 26, 40 ಅಡಿಯಾದರೆ 24. ಉದ್ಯಾನ, ಶಾಲೆ ಅಂತ ಹೊರಟರೆ ಇನ್ನೂ ಕಡಿಮೆ. ಅಂದರೆ ರಸ್ತೆ ಹತ್ತು ಅಡಿ ಉಬ್ಬಿದಾಗಲೆಲ್ಲ ಎರಡು ಮೂರು ಸೈಟು ಮಾಯ. ಕಂದಾಯ ಸೈಟಿನ ಲೇಔಟ್ ಮಾಡುವವನು ದಡ್ಡನೇ? ನಕ್ಷೆಯಲ್ಲಿ 30 ಬರೆದು ನೆಲದಲ್ಲಿ 20 ಬಿಡುತ್ತಾನೆ. ಅದರಲ್ಲೂ ಚರಂಡಿ, ವಿದ್ಯುತ್ ಕಂಬ, ಕಾರು ಹತ್ತಿಸಲು ಮನೆ ಮುಂದೆ ಸುರಿದ ಕಾಂಕ್ರೀಟ್ ಇಳಿಜಾರು ಕಳೆದು ಉಳಿದದ್ದರಲ್ಲಿ ನೀರಿನ ಟ್ಯಾಂಕರ್ ಬಂದರೆ ಬೀದಿಯೆಲ್ಲ ರಿವರ್ಸ್ ಗೇರಿನಲ್ಲಿ ಹೋಗಬೇಕು.

ಅಸಲಿ ತಮಾಷೆ ಅಗಲದ್ದಲ್ಲ, ತುದಿಯದು. ಈ ರಸ್ತೆ ಸರ್ವೆ ನಂಬರ್ ಮುಗಿದಲ್ಲಿ ಮುಗಿಯುತ್ತದೆ. ಪಕ್ಕದ ಜಮೀನಿನವನು ಐದು ವರ್ಷ ಬಿಟ್ಟು ಸೈಟು ಮಾಡುವಾಗ ಅವನ ರಸ್ತೆ ಹದಿನೈದು ಅಡಿ ಆಚೆಗೆ ಬೀಳುತ್ತದೆ, ನಡುವೆ ಕಾಂಪೌಂಡು ಏಳುತ್ತದೆ. ಆಮೇಲೆ ಪಕ್ಕದ ಬೀದಿಗೆ ಸಾಸಿವೆ ತರಲು ಹೊರಟವನೂ, ಇಪ್ಪತ್ತು ಕಿಲೋಮೀಟರು ದೂರದ ಆಫೀಸಿಗೆ ಹೊರಟವನೂ ಮೊದಲು ಇಳಿಯಬೇಕಾದದ್ದು ಒಂದೇ ರಸ್ತೆಗೆ. ಅದು ಯಾವುದಯ್ಯಾ ಅಂದರೆ ಕೆರೆ ಏರಿ ಬಳಸಿಕೊಂಡು ಊರಿಂದೂರಿಗೆ ಹೋಗುತ್ತಿದ್ದ ಹಳೇ ಬಂಡಿ ದಾರಿ. ಎದುರು ಬಂಡಿ ಬಂದರೆ ಒಂದು ಗದ್ದೆಗೆ ಇಳಿಯುತ್ತಿತ್ತು. ಗದ್ದೆ ಈಗ ಅಪಾರ್ಟ್‌ಮೆಂಟು. ಇಳಿಯುವುದಿದ್ದರೆ ಚರಂಡಿಗೆ.

ಹೆಸರುಗಳನ್ನು ಮಾತ್ರ ಯಾರೂ ಒತ್ತುವರಿ ಮಾಡಲಿಲ್ಲ. ಸಿಂಗಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರಗಳ 'ಸಂದ್ರ' ಅಂದರೆ ಸಮುದ್ರ, ಹಿರಿಯರು ಕೆರೆಗೆ ಪ್ರೀತಿಯಿಂದ ಇಟ್ಟ ಹೆಸರು. ಕೆರೆ ತುಂಬಿದರೆ ನೀರು ಹೊರಬೀಳುವ ಜಾಗ ಕೋಡಿ. ವರ್ತೂರು ಕೋಡಿ ಈಗ ಬಸ್ಸು ಕಾಯುವ ಜಾಗ. ಊರಿನ ಹೆಸರೇ "ಇಲ್ಲಿ ನೀರು ಬರುತ್ತದೆ" ಎಂದು ಕೂಗುತ್ತಿದ್ದರೂ ಬ್ರೋಷರು ಓದಿ ಸೈಟು ಕೊಂಡವರಿಗೆ 2022ರ ಸೆಪ್ಟೆಂಬರಿನಲ್ಲಿ ಅರ್ಥ ತಿಳಿಯಿತು. ಅವತ್ತು ಲ್ಯಾಪ್‌ಟಾಪ್ ಚೀಲ ಎದೆಗವಚಿಕೊಂಡವರನ್ನು ಆಫೀಸಿಗೆ ಮುಟ್ಟಿಸಿದ್ದು ಟ್ರಾಕ್ಟರು. ನೂರಾರು ಎಕರೆ ಸೈಟಾದರೂ ಊರಲ್ಲಿ ಟ್ರಾಕ್ಟರು ಉಳಿಸಿಕೊಂಡವರ ದೂರದೃಷ್ಟಿಗೆ ರಾಜ್ಯೋತ್ಸವ ಪ್ರಶಸ್ತಿ ಕೊಡಬೇಕಿತ್ತು.

ಮೊದಲು ರಸ್ತೆ, ಆಮೇಲೆ ಮನೆ ಎನ್ನುವುದು ಈ ಸೀಮೆಗೆ ಗೊತ್ತಿರದ ವಿದ್ಯೆಯೇನಲ್ಲ. ಆಂಗ್ಲೋ ಇಂಡಿಯನ್ನರ ಬೇಸಾಯದ ಊರಿಗೆಂದು ಚಾಮರಾಜೇಂದ್ರ ಒಡೆಯರು ಸುಮಾರು 3,900 ಎಕರೆ ಕೊಟ್ಟು, 1882ರಲ್ಲಿ ವೈಟ್‌ಫೀಲ್ಡ್ ಹುಟ್ಟಿತಲ್ಲ, ಅದಕ್ಕೆ ಒಳ ವೃತ್ತ, ಹೊರ ವೃತ್ತ ಅಂತ ಬಳೆಯ ಹಾಗೆ ರಸ್ತೆ ಎಳೆದಿದ್ದರು. ಎತ್ತಿನ ಗಾಡಿಯ ಕಾಲದಲ್ಲಿ, ಬೆರಳೆಣಿಕೆಯ ಸಂಸಾರಗಳಿಗೆ! ನಮ್ಮದು ಮಾಸ್ಟರ್ ಪ್ಲಾನ್ ಕಾಲ. 2007ರಲ್ಲಿ ಒಪ್ಪಿದ ಪ್ಲಾನಿನ ಹೆಸರು 2015. ಆಮೇಲೆ 2031ರದ್ದು ಅಂತ ಒಂದು ಕರಡು ಮಾಡಿ ವಾಪಸ್ ಪಡೆದರು. ಹಾಗಾಗಿ 2025ರಲ್ಲೂ ನಗರ ಬೆಳೆಯುತ್ತಿರುವುದು 2015ಕ್ಕೇ. ಹತ್ತು ವರ್ಷ ಹಿಂದಿರುವುದು ಗಡಿಯಾರ ಮಾತ್ರ, ಸೈಟಿನ ರೇಟು ಹತ್ತು ವರ್ಷ ಮುಂದೇ ಇದೆ.

ಬೋರ್ಡು ಬದಲಿಸುವುದರಲ್ಲಿ ಮಾತ್ರ ಯಾರೂ ತಡಮಾಡಿಲ್ಲ. ಗ್ರಾಮ ಪಂಚಾಯಿತಿ ಬೋರ್ಡು ಇಳಿಸಿ 2007ರಲ್ಲಿ 110 ಹಳ್ಳಿಗಳಿಗೆ ಬಿಬಿಎಂಪಿ ಬೋರ್ಡು. 2025ರಲ್ಲಿ ಅದನ್ನೂ ಇಳಿಸಿ ಗ್ರೇಟರ್ ಬೆಂಗಳೂರು. ಆ 110 ಹಳ್ಳಿಗಳಿಗೆಂದು ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಹದಿನೇಳು ವರ್ಷ. ಅಷ್ಟೂ ವರ್ಷ ತೆರಿಗೆ ನಗರದ್ದು, ನೀರು ಟ್ಯಾಂಕರಿನದು. ಕೊನೆಗೆ 2024ರ ಬೇಸಿಗೆಯಲ್ಲಿ ಜಿಲ್ಲಾಡಳಿತ ಟ್ಯಾಂಕರಿಗೆ ದರಪಟ್ಟಿ ಕೊಟ್ಟಿತು: ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ ಸಾವಿರ ರೂಪಾಯಿ. ನೀರು ಕೊಡಲಾಗದಿದ್ದರೂ ನೀರಿನ ಬೆಲೆ ಕೊಟ್ಟರಲ್ಲ, ಸಂತೋಷ.

ಆದರೆ ಒಂದು ಮಾತಿಗೆ ನಗು ಬರುವುದಿಲ್ಲ. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಬೇಕಾದಾಗ ಇದೇ ವಿಧಾನಸೌಧ ಯಾರ ಜಗಲಿಯ ಮೇಲೂ ಹೋಗಿ ಕೂರಲಿಲ್ಲ. ಅಧಿಸೂಚನೆ ಹೊರಡಿಸಿತು. ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತ ಮೇಲೆ, 2025ರ ಜುಲೈನಲ್ಲಿ ಕೈಬಿಟ್ಟಿತು. ಅಂದರೆ ರೈತನ ಹೊಲಕ್ಕೆ ಗೆಜೆಟ್ಟು, ಕಂಪನಿಯ ಕಾಂಪೌಂಡಿಗೆ ವಿನಂತಿ ಪತ್ರ. ಆ ಕಾಂಪೌಂಡಿನ ಸುತ್ತ ಒಂದೊಂದು ಲೇಔಟಿಗೂ ಸಹಿ ಬಿದ್ದಿದೆ, ಖಾತೆ ಆಗಿದೆ, ನೋಂದಣಿ ಶುಲ್ಕ ಜಮೆಯಾಗಿದೆ. ಈ ರಸ್ತೆ ಮುಂದೆ ಎಲ್ಲಿಗೆ ಸೇರುತ್ತದಪ್ಪ ಅಂತ ಆ ಕಚೇರಿಗಳಲ್ಲಿ ಒಬ್ಬನಾದರೂ ಕೇಳಿದ್ದರೆ ಸಾಕಿತ್ತು. ಯಾರೂ ಕೇಳಲಿಲ್ಲ. ಈಗ ಗೇಟು ತೆಗೆದರೂ ಒಳಗೆ ಹೋದ ಕಾರು ಹೊರಬಂದು ಸೇರುವುದು ಇಂಥವೇ ರಸ್ತೆಗಳಿಗೆ.

ಇರಲಿ. ದಾರಿಗಾಗಿ ಪತ್ರ ಬರೆಯುವುದು ಕ್ರಮವಲ್ಲ, ಅದಕ್ಕೆ ಕಂದಾಯ ಇಲಾಖೆಯಲ್ಲಿ ಪದ್ಧತಿಯಿದೆ. ಸರ್ಕಾರ ಪಹಣಿ, ಗ್ರಾಮನಕಾಶೆಯ ಪ್ರತಿ ಹಿಡಿದು ತಹಶೀಲ್ದಾರರಿಗೆ ಅರ್ಜಿ ಹಾಕಲಿ. ನಕಾಶೆ ಕಂಡ ದಾರಿಯೋ, ರೂಢಿ ದಾರಿಯೋ ಎಂದು ಅರ್ಜಿಯಲ್ಲಿ ಬಿಡಿಸಿ ಬರೆಯಬೇಕು. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸುವುದಕ್ಕೆ, ಶುಲ್ಕ ಕಟ್ಟಬೇಕು, ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಹೋಗಬೇಕು. ಸರ್ವೆಯರ್ ಬರುವ ದಿನ ಬಾಂದುಕಲ್ಲು ಎಲ್ಲಿತ್ತು ಎಂದು ತೋರಿಸಲು ಊರಿನ ಹಿರಿಯರೊಬ್ಬರನ್ನು ನಿಲ್ಲಿಸಿಕೊಂಡಿರಬೇಕು. ಸರ್ವೆಯರ್ ಬೇರೆ ಹೋಬಳಿಗೆ ಹೋಗಿದ್ದರೆ ಮುಂದಿನ ಸೋಮವಾರ ಬಂದು ವಿಚಾರಿಸಬೇಕು.