ಹುಳ ಫ್ರಿಜ್‌ಗೆ ಬೇಡ, ನೀವೇ ಬೇಗ ಏಳಿ

ಮ್ಯಾಕ್ರೋ ಫೋಟೋಗ್ರಫಿಗೆ, ಅಂದರೆ ಹುಳಹುಪ್ಪಟೆಯನ್ನು ಹತ್ತಿರದಿಂದ ದೊಡ್ಡದಾಗಿ ತೆಗೆಯುವ ಕೆಲಸಕ್ಕೆ, ಹೊಸದಾಗಿ ಬಂದವರ ಕಿವಿಯಲ್ಲಿ ಯಾರಾದರೂ ಊದುವ ಒಂದು ಉಪಾಯವಿದೆ. ಹುಳವನ್ನು ಡಬ್ಬಿಗೆ ಹಾಕಿ ಸ್ವಲ್ಪ ಹೊತ್ತು ಫ್ರಿಜ್‌ನಲ್ಲಿಡಿ, ಆಮೇಲೆ ಎಲೆಯ ಮೇಲೆ ಕೂರಿಸಿ, ಅಲ್ಲಾಡುವುದೇ ಇಲ್ಲ. ಅಲ್ಲಾಡುವುದಿಲ್ಲ, ನಿಜ. ಕೀಟದ ಮೈಬಿಸಿ ಸುತ್ತಲಿನ ಹವೆಯ ಜೊತೆಗೇ ಏರಿಳಿಯುತ್ತದೆ, ತಣ್ಣಗಾದರೆ ಸ್ನಾಯು ಮಾತು ಕೇಳುವುದಿಲ್ಲ. ಆದರೆ ಇದೇ ಕೆಲಸವನ್ನು ಚಳಿಗಾಲದ ಬೆಳಗಿನ ಜಾವ ಪುಕ್ಕಟೆ ಮಾಡಿಕೊಡುತ್ತದೆ. ಅದೂ ಹುಳ ತಾನೇ ಆರಿಸಿಕೊಂಡ ಕಡ್ಡಿಯ ಮೇಲೆ!

ಫ್ರಿಜ್ ಚಿತ್ರ ಕಂಡುಹಿಡಿಯುವುದು ಕಷ್ಟವಲ್ಲ. ಕಾಲು ನೋಡಿ. ರಾತ್ರಿ ಮಲಗಿದ ಏರೋಪ್ಲೇನ್ ಚಿಟ್ಟೆ ಹುಲ್ಲುಕಡ್ಡಿಯನ್ನು ಕಾಲಿನಿಂದ ಅಪ್ಪಿ ಹಿಡಿದಿರುತ್ತದೆ. ನೀಲಿ ಪಟ್ಟೆಯ ಒಂಟಿ ಜೇನಿನ ಗಂಡುಗಳಂತೂ ಸಂಜೆಯಾದರೆ ಒಂದೇ ಕಡ್ಡಿಯಲ್ಲಿ ಸಾಲಾಗಿ, ಬಾಯಿಂದ ಕಚ್ಚಿಕೊಂಡೇ ನಿದ್ದೆ ಹೋಗುತ್ತವೆ. ಫ್ರಿಜ್‌ನಿಂದ ಬಂದದ್ದು ಎಲೆಯ ಮೇಲಿಟ್ಟ ಬೊಂಬೆ, ಅದರ ಕಾಲು ಏನನ್ನೂ ಹಿಡಿದಿರುವುದಿಲ್ಲ. ನಕಲಿ ಇಬ್ಬನಿಯೂ ಹಾಗೆಯೇ. ನಿಜವಾದ ಇಬ್ಬನಿ ಹುಳ, ಹುಲ್ಲು, ಪಕ್ಕದ ಜೇಡರಬಲೆ ಎಲ್ಲದರ ಮೇಲೂ ಸಣ್ಣಗೆ ಕೂತಿರುತ್ತದೆ. ಸ್ಪ್ರೇ ಹೊಡೆದದ್ದಾದರೆ ಹುಳದ ಒಂದು ಮಗ್ಗುಲಲ್ಲಿ ದಪ್ಪ ಹನಿ, ಹಿಂದಿನ ಹುಲ್ಲು ಒಣ ಒಣ. ಹನಿ ಬೇಗ ಆರದಿರಲೆಂದು ಸ್ಪ್ರೇ ನೀರಿಗೆ ಅಂಟಂಟಾದ ಗ್ಲಿಸರಿನ್ ಬೆರೆಸುವವರೂ ಇದ್ದಾರೆ. ಕೀಟ ಉಸಿರಾಡುವುದು ಮೈಯ ಪಕ್ಕದಲ್ಲಿರುವ ಸಣ್ಣ ರಂಧ್ರಗಳಿಂದ ಅನ್ನುವುದನ್ನು ಅವರು ಒಮ್ಮೆ ನೆನಪಿಸಿಕೊಳ್ಳಲಿ.

ಸರಿ, ಬೇಗ ಎದ್ದು ಮಾಡುವುದೇನು? ನವೆಂಬರ್‌ನಿಂದ ಜನವರಿವರೆಗೆ ಕೆರೆಯಂಚು, ಗದ್ದೆಯ ಬದು, ಖಾಲಿ ಸೈಟಿನ ಹುಲ್ಲು ಯಾವುದಾದರೂ ಆದೀತು. ಬೆಳಗ್ಗೆ 6ಕ್ಕೆಲ್ಲ ಅಲ್ಲಿರಿ. ಟಾರ್ಚನ್ನು ಮೇಲಿಂದ ಬಿಡಬೇಡಿ, ಮೊಣಕಾಲೆತ್ತರದಲ್ಲಿ ಅಡ್ಡಡ್ಡ ಬಿಡಿ. ಇಬ್ಬನಿ ಕೂತ ರೆಕ್ಕೆ ಮಿಂಚುತ್ತದೆ. ಹುಳ ಕಂಡ ಕೂಡಲೇ ಮಂಡಿಯೂರಲು ಹೋಗಿ ಪಕ್ಕದ ಹುಲ್ಲಿಗೆ ತಾಗಿಸುವುದು ಎಲ್ಲರೂ ಮಾಡುವ ತಪ್ಪು. ಬುಡದಲ್ಲಿ ಎಲ್ಲವೂ ಒಂದಕ್ಕೊಂದು ಹೆಣೆದಿರುತ್ತದೆ, ಒಂದು ಕಡ್ಡಿ ಅಲ್ಲಾಡಿದರೆ ಹನಿಯೆಲ್ಲ ಉದುರಿತು. ಬಿಸಿಲು ಬಿದ್ದ ಮೇಲೆ ಕೆಲವು ರೆಕ್ಕೆ ನಡುಗಿಸಿ ಮೈ ಬಿಸಿ ಮಾಡಿಕೊಳ್ಳುತ್ತವೆ, ಕೆಲವು ಸುಮ್ಮನೆ ಬಿಸಿಲು ಕಾಯುತ್ತವೆ. ರೆಕ್ಕೆ ನಡುಗಿತೆಂದರೆ ನಿಮ್ಮ ಸಮಯ ಮುಗಿಯುತ್ತಾ ಬಂತು. ಆಗಷ್ಟೇ ಪೊರೆ ಬಿಟ್ಟು ಹೊರಬಂದದ್ದು ಕಂಡರೆ ಮಾತ್ರ ಕಡ್ಡಿಯನ್ನೂ ಮುಟ್ಟಬೇಡಿ, ಅದರ ರೆಕ್ಕೆ ಇನ್ನೂ ಹಸಿ. ಸೊಟ್ಟಗಾದರೆ ಸೊಟ್ಟಗೇ ಒಣಗುತ್ತದೆ.

ಲೆನ್ಸಿಗೆ ದುಡ್ಡು ಸುರಿಯಬೇಕಿಲ್ಲ. ಮನೆಯಲ್ಲಿ 55-250 ಮಿಮೀ ಜೂಮ್ ಇದ್ದರೆ ಅದರ ಮುಂದೆ ರೇನಾಕ್ಸ್ ಡಿಸಿಆರ್-250 ಅನ್ನುವ ಕ್ಲೋಸ್-ಅಪ್ ಗಾಜು ಸಿಕ್ಕಿಸಿ. ಇದರ ಶಕ್ತಿ 8 ಡಯಾಪ್ಟರ್ (ಕನ್ನಡಕದ ಪವರ್ ಅಳೆಯುವ ಅದೇ ಅಳತೆ), 52ರಿಂದ 67 ಮಿಮೀ ಫಿಲ್ಟರ್ ಅಳತೆಯ ಲೆನ್ಸಿಗೆ ಕ್ಲಿಪ್ಪಿನಂತೆ ಕೂರುತ್ತದೆ. ಲೆಕ್ಕ ಸುಲಭ: 250ನ್ನು 8ರಿಂದ ಗುಣಿಸಿ 1000ದಿಂದ ಭಾಗಿಸಿದರೆ 2. ಅಂದರೆ ಜೂಮ್ ಪೂರ್ತಿ ಎಳೆದಾಗ ಹುಳ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರಿನ ಮೇಲೆ ತನ್ನ ಗಾತ್ರದ ಸುಮಾರು ಎರಡು ಪಟ್ಟು ಬೀಳುತ್ತದೆ. ಹುಳಕ್ಕೂ ಗಾಜಿಗೂ 12 ಸೆಂಟಿಮೀಟರ್ ಆಸುಪಾಸು ಅಂತರ ಸಿಗುತ್ತದೆ, ಅದೇ ಇದರ ಮಿತಿ.

ಖರ್ಚು ಮಾಡಬೇಕಾದ್ದು, ತಲೆ ಓಡಿಸಬೇಕಾದ್ದು ಬೆಳಕಿಗೆ. ಮ್ಯಾಕ್ರೋ ಲೆನ್ಸಿನಲ್ಲಿ ಹುಳ ತನ್ನಷ್ಟೇ ಗಾತ್ರಕ್ಕೆ ಬಿದ್ದಾಗ, ಸಣ್ಣ ಸೆನ್ಸರಿನ ಕ್ಯಾಮೆರಾದಲ್ಲಿ ಎಫ್/11 (ಲೆನ್ಸಿನ ಕಿಂಡಿಯ ಅಳತೆ, ಸಂಖ್ಯೆ ಹೆಚ್ಚಾದಷ್ಟು ಕಿಂಡಿ ಚಿಕ್ಕದು) ಇಟ್ಟರೂ ಫೋಕಸ್ ಇರುವ ಪದರ ಒಂದು ಮಿಲಿಮೀಟರ್ ಕೂಡ ಇಲ್ಲ. ಹಾಗೆಂದು ಎಫ್/22ಕ್ಕೆ ಹೋದರೆ ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವ ಡಿಫ್ರಾಕ್ಷನ್‌ನಿಂದ ಚಿತ್ರವೇ ಮಂದವಾಗುತ್ತದೆ. ಎಫ್/11ರಲ್ಲೇ ನಿಂತು ಫ್ಲಾಶ್ ಬಳಸಿ: ಮ್ಯಾನುಯಲ್, ಶಟರ್ 1/200, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200, ಫ್ಲಾಶ್ ಶಕ್ತಿ 1/16. ಇಲ್ಲಿಂದ ಶುರುಮಾಡಿ ಹೆಚ್ಚು ಕಮ್ಮಿ ಮಾಡಿಕೊಳ್ಳಿ. ಕಮ್ಮಿ ಶಕ್ತಿಯಲ್ಲಿ ಫ್ಲಾಶ್ ಕ್ಷಣಾರ್ಧಕ್ಕಿಂತಲೂ ಚಿಕ್ಕದಾಗಿ ಮಿಂಚುವುದರಿಂದ ಕೈನಡುಕ ಕಾಣುವುದಿಲ್ಲ.

ಬರಿ ಫ್ಲಾಶ್ ಹೊಡೆದರೆ ಜೀರುಂಡೆಯ ಬೆನ್ನಲ್ಲಿ ಬಿಳಿ ಬೊಟ್ಟು ಗ್ಯಾರಂಟಿ. ಅದರ ಕವಚ ಕನ್ನಡಿ ಇದ್ದ ಹಾಗೆ, ಬೆಳಕಿನ ಮೂಲ ಎಷ್ಟು ಚಿಕ್ಕದೋ ಅಷ್ಟು ಚುಚ್ಚುವ ಬೊಟ್ಟು. ಫ್ಲಾಶಿನ ಮೂತಿಗೇ ಬಿಳಿ ಪ್ಲಾಸ್ಟಿಕ್ ಟೋಪಿ ಹಾಕುವವರಿದ್ದಾರೆ, ಅದರಿಂದ ಬೆಳಕು ಕಮ್ಮಿಯಾಗುತ್ತದೆ ಅಷ್ಟೆ, ದೊಡ್ಡದಾಗುವುದಿಲ್ಲ. ಟಿವಿ, ಮಿಕ್ಸಿ ಪೆಟ್ಟಿಗೆಯಲ್ಲಿ ಸುತ್ತಿ ಬರುವ ತೆಳು ಬಿಳಿ ಫೋಮ್ ಹಾಳೆ ಎಸೆಯಬೇಡಿ. ಎ4 ಅಳತೆಗೆ ಕತ್ತರಿಸಿ, ಲೆನ್ಸಿನ ಮೂತಿಯ ಮೇಲೆ ಕಮಾನಿನಂತೆ ಬಾಗಿಸಿ ರಬ್ಬರ್ ಬ್ಯಾಂಡಿನಿಂದ ಕಟ್ಟಿ. ಫ್ಲಾಶಿಗೂ ಹಾಳೆಗೂ 10 ಸೆಂಟಿಮೀಟರಾದರೂ ಜಾಗವಿರಲಿ, ಆಗ ಹಾಳೆಯಿಡೀ ಬೆಳಗುತ್ತದೆ. ಹಾಳೆ ಮಾತ್ರ ಹುಳಕ್ಕೆ ಆದಷ್ಟು ಹತ್ತಿರ. ಹಿನ್ನೆಲೆ ಕಪ್ಪಾಗಿ ಬಂದರೆ ಫ್ಲಾಶಿನ ತಪ್ಪಲ್ಲ, ಬೆಳಕು ಅಲ್ಲಿಯವರೆಗೆ ತಲುಪಿಲ್ಲ. ಅರ್ಧ ಅಡಿ ಹಿಂದೆ ಎಲೆಯೊಂದು ಬರುವ ಹಾಗೆ ಕೋನ ಬದಲಿಸಿ, ಅಥವಾ ಐಎಸ್‌ಒ ಏರಿಸಿ.

ಆಟೋಫೋಕಸ್ ಆಫ್ ಮಾಡಿಬಿಡಿ. ಮೈಯನ್ನೇ ಕೂದಲೆಳೆಯಷ್ಟು ಮುಂದೆ ಹಿಂದೆ ತೂಗಿ, ಹುಳದ ಕಣ್ಣು ಸ್ಪಷ್ಟವಾಗಿ ಕಂಡಾಗ ಒತ್ತಿ. ಪಕ್ಕದಿಂದ ತೆಗೆಯುವಾಗ ಕ್ಯಾಮೆರಾದ ಬೆನ್ನು ಹುಳದ ಮೈಗೆ ಸಮಾನಾಂತರವಾಗಿದ್ದರೆ ತಲೆಯಿಂದ ಬಾಲದವರೆಗೆ ಸ್ಪಷ್ಟ ಬರುತ್ತದೆ.

ಹಕ್ಕಿ ತೆಗೆಯುವವರ ಕಾಯಿಲೆ ಬೇರೆ, ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದು. ಬಂದ ಗಂಡುಹಕ್ಕಿ ನಿಮ್ಮ ಚಿತ್ರಕ್ಕೆ ಬಂದದ್ದಲ್ಲ, ತನ್ನ ಜಾಗಕ್ಕೆ ನುಗ್ಗಿದವನನ್ನು ಓಡಿಸಲು ಬಂದದ್ದು. ಪಶ್ಚಿಮ ಘಟ್ಟದ ಕಪ್ಪೆಬಾಯಿ ಹಕ್ಕಿ ಇಡುವುದು ಒಂದೇ ಮೊಟ್ಟೆ, ಹಗಲು ಕಾವು ಕೊಡುವುದು ಗಂಡು. ಅದನ್ನು ಎಬ್ಬಿಸಿದರೆ ಮೊಟ್ಟೆಯ ಗತಿ ಏನೆಂದು ಹೇಳಬೇಕಿಲ್ಲ.

ಮತ್ತೆ ಹುಳಕ್ಕೆ ಬಂದರೆ, ಅಲ್ಲಾಡದ ಹುಳವೇ ಒಳ್ಳೆಯ ಹುಳ ಅನ್ನುವ ನಂಬಿಕೆಯೇ ಎಲ್ಲ ಕೆಡಿಸಿರುವುದು. ಚಗಳಿ ಇರುವೆಯ ಗೂಡಿರುವ ಮಾವಿನ ಮರದ ಕೆಳಗಿನ ಎಲೆಗಳನ್ನು ಹುಡುಕಿ. ಇರುವೆಗಳ ನಡುವೆ ಒಂಟಿಯಾಗಿ ಸುಳಿಯುವ, ಥೇಟ್ ಅವುಗಳಂತೆಯೇ ಕೆಂಪಾದ ಒಂದಕ್ಕೆ ಎಂಟು ಕಾಲಿರಬಹುದು. ಅದು ಇರುವೆ ವೇಷದ ಜೇಡ. ಮುಂದಿನ ಎರಡು ಕಾಲು ಎತ್ತಿ ಮೀಸೆಯಂತೆ ಆಡಿಸುತ್ತದೆ, ಗಾಬರಿಯಾದರೆ ನೂಲು ಬಿಟ್ಟು ಎಲೆಯಿಂದ ಜಾರುತ್ತದೆ. ತಣ್ಣಗಾದ ಜೇಡ ಆ ಕಾಲು ಎತ್ತುವುದಿಲ್ಲ. ತುಂಬುತೋಳಿನ ಅಂಗಿ ಹಾಕಿಕೊಂಡು ಹೋಗಿ, ಚಗಳಿ ಕಚ್ಚಿದರೆ ಕ್ಯಾಮೆರಾ ಕೈಯಲ್ಲಿ ನಿಲ್ಲುವುದಿಲ್ಲ.